ಮೋರಿಯಾಚೆ ನಿಂತ ವ್ಯಾನು

ಎಣ್ಣೆ ರೈಲಿನ ವಿಚಾರವಾಗಿ ಶಾಲೆಯಲ್ಲಿ ಸಭೆ ಇದೆ ಎಂದು ಮೈಕಿನಲ್ಲಿ ಕೂಗಿಸಿದರೂ ಹಳಿಯ ಪಕ್ಕದ ಬೀದಿಯಿಂದ ಹೋದವರು ಬೆರಳೆಣಿಕೆಯಷ್ಟು ಜನ. ಬೇಕರಿಯಕ್ಕ ಹೋದದ್ದೂ ಕಾಳಜಿಯಿಂದೇನಲ್ಲ. ಸಭೆಗೆ ಬಿಸ್ಕತ್ತು ಹೋಗಿದ್ದು ಅವಳ ಅಂಗಡಿಯಿಂದ. ಖಾಲಿ ಟ್ರೇಗಳನ್ನು ವಾಪಸು ತರಬೇಕಿತ್ತು. ಅದಕ್ಕಾಗಿ ಕಾಯುತ್ತಾ ಹಿಂದಿನ ಬೆಂಚಿನಲ್ಲಿ ಕುಳಿತಳು. ಅಲ್ಲಿ ಕೇಳಿದ ಮಾತು ಆಮೇಲೆ ಅವಳ ನಿದ್ದೆಯನ್ನೇ ತಿಂದುಹಾಕಿತು.

ಮಾತಾಡಿದವರು ಅಗ್ನಿಶಾಮಕ ಠಾಣೆಗೆ ಹೊಸದಾಗಿ ಬಂದಿದ್ದ ಆಫೀಸರು. ಸಣ್ಣ ಆಳಿನ, ಗಟ್ಟಿ ದನಿಯ ಹೆಂಗಸು.

"ನಿಮ್ಮ ಮನೆಗಳ ಹಿಂದೆ ದಿನಾ ಹೋಗೋ ಟ್ಯಾಂಕರ್ ಡಬ್ಬಿಗಳಲ್ಲಿ ಇರೋದು ಕಚ್ಚಾ ಎಣ್ಣೆ," ಎಂದರು. "ಡಾಂಬರಿನ ಥರ ಬಿದ್ದಲ್ಲೇ ಬಿದ್ದಿರುತ್ತೆ ಅಂದ್ಕೋಬೇಡಿ. ಕೆಲವು ಥರದ ಎಣ್ಣೆಯಿಂದ ಪೆಟ್ರೋಲಿನ ಹಾಗೇ ಆವಿ ಏಳುತ್ತೆ. ಆ ಆವಿ ಗಾಳಿಗಿಂತ ಭಾರ. ಚರಂಡಿ, ತಗ್ಗು, ನೆಲಮಾಳಿಗೆ ಅಂತ ಹುಡುಕ್ಕೊಂಡು ಹೋಗಿ ಕೂತ್ಕೊಳುತ್ತೆ. ಕೂತು ಒಂದು ಕಿಡಿಗೋಸ್ಕರ ಕಾಯುತ್ತೆ."

"ಹಾಗಾದ್ರೆ ಮೇಡಂ, ಎಣ್ಣೆ ಚೆಲ್ಲಿದ್ರೆ ನಾವು ಬಕೆಟ್ ತರಬೇಕೋ, ಡ್ರಮ್ಮೋ?" ಎಂದು ಕೇಳಿದವನು ಬೇಕರಿಯ ಪಕ್ಕದ ಮನೆಯ ದರ್ಜಿ. ಎಲ್ಲರೂ ನಕ್ಕರು.

ಆಫೀಸರೂ ನಕ್ಕರು. "ಎರಡೂ ಬೇಡ. ಕಾಲು ತನ್ನಿ ಸಾಕು. ಗಾಡಿ ಸ್ಟಾರ್ಟ್ ಮಾಡಬೇಡಿ. ಲೈಟು ಹಾಕಬೇಡಿ, ಉರೀತಿದ್ರೆ ಆರಿಸೋಕೂ ಹೋಗಬೇಡಿ. ಸ್ವಿಚ್ಚಿನೊಳಗೂ ಕಿಡಿ ಇರುತ್ತೆ. ನಡ್ಕೊಂಡು ದಿಬ್ಬ ಹತ್ತಿ ಈ ಶಾಲೆಗೆ ಬನ್ನಿ. ಕೆಳಗೆ ಮಾತ್ರ ಇಳೀಬೇಡಿ." ಆಮೇಲೆ ಸುತ್ತ ನೋಡಿ, "ನಿಮ್ಮ ಬೀದೀಲಿ ಸದಾ ಬೆಂಕಿ ಇಟ್ಕೊಂಡಿರೋರು ಯಾರಾದ್ರೂ ಇದ್ದಾರಾ?" ಎಂದರು.

ಎಲ್ಲರ ತಲೆಗಳೂ ಹಿಂದಿನ ಬೆಂಚಿನತ್ತ ತಿರುಗಿದವು.

ಬೇಕರಿಯದು ಸೌದೆ ಭಟ್ಟಿ. ಮಾವನ ಕಾಲದಲ್ಲಿ ಇಟ್ಟಿಗೆಯಿಂದ ಕಟ್ಟಿದ್ದು, ಕೋಣೆಯ ಅರ್ಧವನ್ನು ಅದೇ ನುಂಗಿತ್ತು. ಬ್ರೆಡ್ಡು ಬೇಯುವ ಗೂಡಿನ ಕೆಳಗೆ ಸೌದೆ ಉರಿಯುವ ಇನ್ನೊಂದು ಗೂಡು; ಅದಕ್ಕೆ ನೆಲಮಟ್ಟದಲ್ಲೇ ಒಂದು ಕಬ್ಬಿಣದ ಬಾಗಿಲು. ಆ ಬಾಗಿಲ ಸಂದಿಗಳಿಂದ ಭಟ್ಟಿ ಗಾಳಿ ಎಳೆದುಕೊಳ್ಳುತ್ತಿತ್ತು. ಮುಂದೆ ಒಂದು ಚಿಟಿಕೆ ಹಿಟ್ಟು ಉದುರಿಸಿದರೆ ಅದು ತಾನಾಗಿ ತೆವಳಿಕೊಂಡು ಒಳಗೆ ಹೋಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಸಭೆಯಿಂದ ಬಂದ ದಿನ ಮಾತ್ರ ಅದನ್ನು ನೋಡಿ ಅವಳು ಹಿಂದಕ್ಕೆ ಸರಿದಳು. ನೆಲದ ಮೇಲೆ ಹರಿದು ಬರುವ ಯಾವುದನ್ನಾದರೂ ಇದು ಹೀಗೇ ಎಳೆದುಕೊಳ್ಳುತ್ತದಲ್ಲ!

ಗಂಡನಿಗೆ ಹೇಳಿದಳು. ಅವನು ವ್ಯಾನಿಗೆ ಬ್ರೆಡ್ಡು ತುಂಬುತ್ತಿದ್ದವನು, "ರೈಲು ನಾನು ಹುಟ್ಟೋಕೆ ಮುಂಚಿನಿಂದ ಓಡ್ತಿದೆ ಕಣೇ. ಒಂದು ದಿನಾನಾದ್ರೂ ನಮ್ಮ ಮನೆಗೆ ಬಂದಿದ್ಯಾ?" ಎಂದು ನಕ್ಕ. ಮಾವನಿಗೆ ಕಿವಿ ಮಂದ. ಅವರಿಗೆ ಕೂಗಿ ಹೇಳಬೇಕು, ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ಸುಮ್ಮನಾದಳು. ಆದರೆ ಅಂದಿನಿಂದ ಹಿಂಬದಿಯ ಹಳಿಯ ಮೇಲೆ ಆ ಕರಿ ಡಬ್ಬಿಗಳ ಸಾಲು ಹಾದುಹೋದಾಗಲೆಲ್ಲ ಅವಳ ನಾದುವ ಕೈ ನಿಂತುಬಿಡುತ್ತಿತ್ತು. ಕಪಾಟಿನ ಗಾಜು ಅದುರುವುದು ನಿಲ್ಲುವವರೆಗೂ ಅವಳು ಉಸಿರು ಬಿಗಿಹಿಡಿದೇ ಇರುತ್ತಿದ್ದಳು.

ಆ ದಿನ ಗಾಜು ಅದುರಲು ಶುರುವಾದದ್ದು ಮಧ್ಯಾಹ್ನದ ಊಟ ಮುಗಿದ ಮೇಲೆ. ಸಂಜೆಯ ಬ್ರೆಡ್ಡಿಗೆ ಕಲಸಿದ ಹಿಟ್ಟು ದೊಡ್ಡ ಕೊಪ್ಪರಿಗೆಯಲ್ಲಿ ಉಬ್ಬಿ ನಿಂತಿತ್ತು. ಮಾವ ಭಟ್ಟಿಯ ಮುಂದಿನ ಮಣೆಯ ಮೇಲೆ ತೂಕಡಿಸುತ್ತಿದ್ದರು. ಗಂಡ ಹಳಿಯಾಚೆಯ ಮಾರ್ಕೆಟ್ಟಿಗೆ ಬ್ರೆಡ್ಡು ಹಾಕಲು ಹೋಗಿದ್ದ. ಗಾಜಿನ ಅದುರು ನಿಲ್ಲಲಿಲ್ಲ, ಜಾಸ್ತಿಯಾಯಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ, ಹಲ್ಲು ಜುಮ್ಮೆನ್ನುವಂಥ ಉದ್ದನೆಯ ಕಿರುಚು. ಅದರ ಹಿಂದೆಯೇ ಒಂದರ ಮೇಲೊಂದು ಬಿದ್ದ ಸದ್ದು. ಕಪಾಟಿನಿಂದ ಭರಣಿಗಳು ನೆಲಕ್ಕುರುಳಿದವು. ಆಮೇಲೆ ಏನೂ ಇಲ್ಲ. ಆ ಮೌನವೇ ಅವಳಿಗೆ ಸದ್ದಿಗಿಂತ ಭೀಕರವಾಗಿ ಕಂಡಿತು.

"ಏನಮ್ಮಾ ಅದು?" ಮಾವ ಎದ್ದು ಕುಳಿತರು. ಅವರಿಗೂ ಕೇಳಿಸಿತ್ತು.

"ರೈಲು ಮಾವ," ಎಂದಳು.

ಬಾಗಿಲಿಗೆ ಬಂದು ನೋಡಿದಳು. ಹೊಗೆ ಇಲ್ಲ, ಬೆಂಕಿ ಇಲ್ಲ. ಜನ ಮನೆಗಳಿಂದ ಹೊರಬಂದು ಹಳಿಯ ಕಡೆ ಕತ್ತು ಚಾಚಿದ್ದರು. "ಹಳಿ ತಪ್ಪಿದೆಯಂತೆ, ಡಬ್ಬಿ ಮಗುಚಿವೆಯಂತೆ," ಎಂದು ಯಾರೋ ಕೂಗಿದರು. ಬೆಂಕಿ ಹತ್ತಿಲ್ಲವಲ್ಲ ಎಂಬ ಸಮಾಧಾನ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹಬ್ಬುತ್ತಿತ್ತು. ಅಷ್ಟರಲ್ಲಿ ವಾಸನೆ ಬಂತು. ಪೆಟ್ರೋಲ್ ಬಂಕಿನದೂ ಹೌದು, ಕೊಳೆತ ಮೊಟ್ಟೆಯದೂ ಹೌದು ಎನ್ನುವಂಥ ವಾಸನೆ. ಅದು ಬಂದದ್ದು ಹಳಿಯ ಕಡೆಯಿಂದಲ್ಲ. ಕಾಲ ಬುಡದ ಚರಂಡಿಯಿಂದ.

ಬೀದಿ ಇಳಿಜಾರು. ಮೇಲ್ತುದಿಯಲ್ಲಿ ಶಾಲೆ, ಕೆಳತುದಿಯಲ್ಲಿ ರೈಲು ಏರಿಯ ಕೆಳಗೆ ಹಾಯುವ ಮೋರಿ; ಆಚೆಯ ಮಾರ್ಕೆಟ್ಟಿಗೆ ಜನ ಅದರೊಳಗೇ ನಡೆದು ಹೋಗುತ್ತಿದ್ದರು. ಬೀದಿಯುದ್ದಕ್ಕೂ ನೆಲದಡಿಯಲ್ಲಿ ಹರಿಯುವ ದೊಡ್ಡ ಚರಂಡಿ ಆ ಮೋರಿಗೇ ಸೇರುತ್ತಿತ್ತು. ಬೇಕರಿಯಕ್ಕ ಚರಂಡಿಯ ಕಬ್ಬಿಣದ ಮುಚ್ಚಳದ ತೂತಿಗೆ ಕಿವಿಗೊಟ್ಟಳು. ಒಳಗೆ ಏನೋ ದಪ್ಪಗೆ, ನಿಧಾನವಾಗಿ ಹರಿಯುತ್ತಿತ್ತು. ನೀರು ಹಾಗೆ ಸದ್ದು ಮಾಡುವುದಿಲ್ಲ.

ಪಕ್ಕದಲ್ಲಿ ದರ್ಜಿ ಸ್ಕೂಟರನ್ನು ಅಂಗಳದಿಂದ ಇಳಿಸುತ್ತಿದ್ದ. ಅವನ ಹೆಂಡತಿ ಬಟ್ಟೆಯ ಗಂಟೊಂದನ್ನು ಅವಚಿಕೊಂಡು ಹಿಂದೆ ನಿಂತಿದ್ದಳು. ದರ್ಜಿ ಕೀಲಿ ತಿರುಗಿಸಿ ಕಾಲು ಎತ್ತಿದ್ದೇ ತಡ, ಬೇಕರಿಯಕ್ಕ ಹಾರಿ ಹೋಗಿ ಅವನ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು.

"ಒದೀಬೇಡಣ್ಣ! ನಿನ್ನ ದಮ್ಮಯ್ಯ, ಒದೀಬೇಡ!"

"ಬಿಡು ತಾಯಿ, ತಲೆ ಕೆಟ್ಟಿದ್ಯಾ ನಿಂಗೆ?"

"ವಾಸನೆ ಬರ್ತಿಲ್ವಾ? ಕಿಡಿ ಹಾರಿದ್ರೆ ಬೀದಿಗೆ ಬೀದೀನೇ ಹೋಗುತ್ತೆ!" ಎಂದು ಕೀಲಿಯನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದಳು. ದರ್ಜಿ ಅವಳನ್ನು ದಬ್ಬಲು ಕೈ ಎತ್ತಿದ. ಎತ್ತಿದವನು ಮೂಗರಳಿಸಿ ಒಮ್ಮೆ ಉಸಿರೆಳೆದ. ಅವನ ಮುಖ ಬಿಳಿಚಿಕೊಂಡಿತು. ಹೆಂಡತಿಯ ಕೈಯಿಂದ ಗಂಟನ್ನು ಕಿತ್ತು ನೆಲಕ್ಕೆಸೆದು, "ನಡಿ, ನಡ್ಕೊಂಡೇ ಹೋಗೋಣ," ಎಂದ.

ಆಗ ಮೇಲಿನಿಂದ ಆಫೀಸರು ಬಂದರು. ಸೈರನ್ ಇಲ್ಲ, ಗಾಡಿ ಇಲ್ಲ, ನಡೆದುಕೊಂಡೇ. ಜೊತೆಗಿದ್ದ ಇಬ್ಬರು ಮನೆಮನೆಯ ಬಾಗಿಲು ಬಡಿಯುತ್ತಿದ್ದರು. ಆಫೀಸರ ಕೈಯಲ್ಲಿದ್ದ ಗ್ಯಾಸ್ ಅಳೆಯುವ ಯಂತ್ರ ಕೀಚ್ ಕೀಚ್ ಎನ್ನುತ್ತಿತ್ತು. ಚರಂಡಿಯ ಹತ್ತಿರ ಬಂದಷ್ಟೂ ಅದರ ಕೂಗು ಅವಸರವಾಗುತ್ತಿತ್ತು.

"ಭಟ್ಟಿ?" ಎಂದರು ಬೇಕರಿಯಕ್ಕನನ್ನು ನೋಡಿ. ಅಷ್ಟೇ ಒಂದು ಮಾತು.

"ಉರೀತಿದೆ ಮೇಡಂ. ನೀರು ಹುಯ್ಲಾ?"

"ಬೇಡ ಬೇಡ. ಕೆಂಡದ ಮೇಲೆ ನೀರು ಬಿದ್ರೆ ಕಿಡಿ ಹೊರಗೆ ಸಿಡಿಯುತ್ತೆ. ಎಣ್ಣೆ ಮೇಲೆ ನೊರೆ ಹುಯ್ಯೋ ಗಾಡಿ ಪಕ್ಕದೂರಿಂದ ಬರಬೇಕು. ಅಲ್ಲೀತನಕ ಗಾಳಿ ಒಳಗೆ ಹೋಗದ ಹಾಗೆ ಮುಚ್ಚಬೇಕು. ಹಸಿ ಮಣ್ಣು ಇದೆಯಾ?"

ಅಂಗಳಕ್ಕೆಲ್ಲ ಸಿಮೆಂಟು. ಮಣ್ಣೆಲ್ಲಿಂದ ಬರಬೇಕು? ಬೇಕರಿಯಕ್ಕ ಒಂದು ಗಳಿಗೆ ದಿಕ್ಕು ತೋಚದೆ ನಿಂತಳು. ಆಮೇಲೆ ಒಳಗೋಡಿ ಕೊಪ್ಪರಿಗೆಯ ಮೇಲಿನ ಬಟ್ಟೆ ಎಳೆದಳು. ಇಡೀ ಸಂಜೆಯ ಹಿಟ್ಟು, ಮೆತ್ತಗೆ, ಒದ್ದೆಯಾಗಿ ಅಲ್ಲೇ ಇತ್ತು.

"ಅದಾಗುತ್ತೆ," ಎಂದರು ಆಫೀಸರು. "ಬೇಗ."

ಮಾವನಿಗೆ ಹೇಳಲು ಅವಳ ಬಳಿ ಹೊತ್ತಿರಲಿಲ್ಲ. ಹಿಟ್ಟಿನ ದೊಡ್ಡ ಮುದ್ದೆಯನ್ನು ಎತ್ತಿ ಸೌದೆಗೂಡಿನ ಬಾಗಿಲ ಸಂದಿಗೆ ಮೆತ್ತಿದಳು. ಕಾದ ಕಬ್ಬಿಣಕ್ಕೆ ಚುಂಯ್ ಎಂದಿತು, ಬೆರಳು ಸುಟ್ಟಿತು. ಮಾವ ಮೊದಲು ಬಾಯಿ ಬಿಟ್ಟು ನೋಡಿದರು. ಆಮೇಲೆ ಆಫೀಸರ ಕೈಯಲ್ಲಿ ಕಿರುಚುತ್ತಿದ್ದ ಯಂತ್ರವನ್ನು ನೋಡಿದರು. ಮಣೆಯಿಂದ ಕೆಳಗಿಳಿದು, ನೋಯುವ ಮಂಡಿಗಳನ್ನು ನೆಲಕ್ಕೂರಿ, ಸೊಸೆಯ ಪಕ್ಕದಲ್ಲಿ ಕುಳಿತು ಹಿಟ್ಟು ಒತ್ತತೊಡಗಿದರು. ಯಂತ್ರವನ್ನು ಹೊಸ್ತಿಲಲ್ಲಿಟ್ಟು ಆಫೀಸರೂ ಕೈ ಸೇರಿಸಿದರು. ಮೂವರ ಕೈಯೂ ಅಲ್ಲೇ. ಎಲ್ಲಿ ಸಣ್ಣ ಬಿರುಕು ಕಂಡರೂ ಅದರ ಹಿಂದೆ ಕೆಂಡದ ಬೆಳಕು ಕೆಂಪಗೆ ಕಣ್ಣು ಬಿಡುತ್ತಿತ್ತು. ಯಂತ್ರ ಹೊಸ್ತಿಲ ಹತ್ತಿರ ಕೂಗಿಕೊಳ್ಳುತ್ತಲೇ ಇತ್ತು. ಈ ಉಸಿರು ಕೊನೆಯದೋ, ಮುಂದಿನದೋ ಎಂದುಕೊಳ್ಳುತ್ತಲೇ ಬೇಕರಿಯಕ್ಕ ಹಿಟ್ಟು ಒತ್ತಿದಳು. ಕೊನೆಯ ಬಿರುಕು ಮುಚ್ಚಿದಾಗ ಮಾವ ಕೋಲಿನಿಂದ ಚಿಮಣಿ ಮುಚ್ಚುವ ತಗಡನ್ನು ಸರಿಸಿ ಹಾಕಿದರು.

"ಈಗ ಹೊರಡಿ," ಎಂದರು ಆಫೀಸರು. "ಮನೇಲಿ ಇನ್ಯಾರಿದ್ದಾರೆ?"

ಆಗ ಬೇಕರಿಯಕ್ಕನಿಗೆ ಗಂಡನ ನೆನಪಾಯಿತು.

"ಅವರು ವ್ಯಾನ್ ತಗೊಂಡು ಮಾರ್ಕೆಟ್ಟಿಗೆ ಹೋಗಿದ್ದಾರೆ ಮೇಡಂ. ಇನ್ನೇನು ಬರೋ ಹೊತ್ತು. ಮೋರಿ ಒಳಗಿಂದಾನೇ ಬರ್ತಾರೆ."

"ಮೋರಿ ಒಳಗಿಂದಾನಾ?" ಆಫೀಸರು ಬೆಚ್ಚಿ ನೋಡಿದರು. "ಅಲ್ಲಿ ಜನ ನಡೆಯೋದಷ್ಟೇ ಅಂದಿದ್ರಲ್ಲ! ರಸ್ತೆಗಳಿಗೆಲ್ಲ ಪೊಲೀಸ್ ಹಾಕ್ಸಿದ್ದೀನಿ, ಅಲ್ಲಿಗೆ ಯಾರನ್ನೂ ಹಾಕಿಲ್ಲ."

"ನಮ್ಮ ಸಣ್ಣ ವ್ಯಾನು ಹಿಡಿಯುತ್ತೆ ಮೇಡಂ. ಸುತ್ತು ಉಳಿಯುತ್ತೆ ಅಂತ..."

ಎಣ್ಣೆಯೆಲ್ಲ ಹರಿದು ಸೇರುತ್ತಿದ್ದುದು ಅಲ್ಲಿಗೇ. ಇಬ್ಬರಿಗೂ ಅದು ಗೊತ್ತಿತ್ತು. ಆಫೀಸರು ಕಿಡಿಯಾಗದಂಥ ತಮ್ಮ ವೈರ್‌ಲೆಸ್ಸಿನಲ್ಲಿ ಮೋರಿಯ ಆಚೆ ಬದಿಗೆ ಯಾರನ್ನಾದರೂ ಕಳಿಸಿ ಎಂದು ಎರಡೆರಡು ಸಲ ಕೂಗಿದರು. ಕಳಿಸುತ್ತೇವೆ ಎಂಬ ಉತ್ತರ ಬಂತು. ಆದರೆ ಆ ದನಿಯಲ್ಲೇ ಅಲ್ಲಿ ಯಾರೂ ಇಲ್ಲವೆಂಬುದು ತಿಳಿಯುತ್ತಿತ್ತು.

"ನೀವು ಮೇಲೆ ಹೋಗಿ. ಫೋನು ಮುಟ್ಟೋದಿದ್ರೆ ಶಾಲೆ ಹತ್ರ ಹೋದ ಮೇಲೆ," ಎಂದು ಆಫೀಸರು ಮುಂದಿನ ಮನೆಗೆ ಓಡಿದರು.

ದಿಬ್ಬ ಹತ್ತುವುದು ಮಾವನಿಗೆ ಆಗದ ಕೆಲಸ. ಒಂದು ಕಡೆ ಸೊಸೆ, ಇನ್ನೊಂದು ಕಡೆ ದರ್ಜಿ ಹೆಗಲು ಕೊಟ್ಟರು. ಸುತ್ತ ಜನ, ಬಗಲಲ್ಲಿ ಮಕ್ಕಳು. ಮಾತಾಡಿದರೆ ಎಲ್ಲಿ ಹೊತ್ತಿಕೊಳ್ಳುವುದೋ ಎಂಬಂತೆ ಎಲ್ಲರೂ ಮೆಲ್ಲಗೆ ಕಾಲೂರುತ್ತಿದ್ದರು. ಒಬ್ಬಳ ಚಪ್ಪಲಿ ಕಲ್ಲಿಗೆ ತಾಗಿ ಸದ್ದಾಯಿತು. ಇಡೀ ಗುಂಪು ಬೆಚ್ಚಿಬಿತ್ತು. ಮುಚ್ಚಳಗಳ ಮೇಲೆ ಯಾರೂ ಕಾಲಿಡಲಿಲ್ಲ, ಹಾರಿ ಹಾರಿ ದಾಟಿದರು.

ಶಾಲೆಯ ಬಯಲು ಸೇರಿದ ಕೂಡಲೇ ಗಂಡನಿಗೆ ಫೋನು ಮಾಡಿದಳು. ಹೋಗಲಿಲ್ಲ. ಊರಿಗೆ ಊರೇ ಫೋನು ಹಿಡಿದಿತ್ತು. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಕೊನೆಗೆ ದರ್ಜಿಯ ಹೆಂಡತಿಗೆ, "ಮಾವನ್ನ ನೋಡ್ಕೊಳಕ್ಕ," ಎಂದವಳೇ ಶಾಲೆಯ ಹಿಂದಕ್ಕೆ ಓಡಿದಳು. ಅಲ್ಲಿ ಹಳಿಯ ಮೇಲೊಂದು ಕಾಲುಸೇತುವೆ ಇತ್ತು. ಅದನ್ನು ದಾಟಿ ಮಾರ್ಕೆಟ್ ರಸ್ತೆಯಲ್ಲಿ ಇಳಿದರೆ ಮೋರಿಯ ಆಚೆ ಬಾಯಿ.

ಸೇತುವೆಯ ಮೇಲಿಂದ ಕಂಡಿತು. ದೂರದ ತಿರುವಿನಲ್ಲಿ ಕರಿ ಡಬ್ಬಿಗಳು ಮಕ್ಕಳು ಒದ್ದು ಹೋದ ಆಟಿಕೆಗಳಂತೆ ಅಡ್ಡಾದಿಡ್ಡಿ ಬಿದ್ದಿದ್ದವು. ಒಂದರ ಹೊಟ್ಟೆ ಬಿರಿದು ಕರಿಯ ಹೊಳಪು ಏರಿಯಿಂದ ಇಳಿಯುತ್ತಿತ್ತು. ಅದರ ಮೇಲಿನ ಗಾಳಿ ಬಿಸಿಲಲ್ಲಿ ನೀರಿನಂತೆ ಅಲುಗಾಡುತ್ತಿತ್ತು. ಅವಳು ಎರಡನೆಯ ಸಲ ಆ ಕಡೆ ನೋಡಲಿಲ್ಲ. ಕಂಬಿ ಹಿಡಿದುಕೊಂಡು ದಾಟಿ, ರಸ್ತೆಗಿಳಿದು ಓಡಿದಳು. ಬೆಂದ ಬೆರಳುಗಳಿಗೆ ಹಿಟ್ಟು ಅಂಟಿ ಒಣಗಿತ್ತು. 'ಬರಬೇಡ, ಇವತ್ತೊಂದು ದಿನ ಸುತ್ತಿ ಬಾ, ಯಾರ ಜೊತೆಗಾದ್ರೂ ಹರಟೆ ಹೊಡ್ಕೊಂಡು ನಿಂತಿರು,' ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಅವನ ಹರಟೆಗೆ ದಿನಾ ಬೈಯುತ್ತಿದ್ದವಳು ಅವಳೇ.

ರಸ್ತೆ ತಿರುಗಿತು. ಮೋರಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ಬಿಳಿ ವ್ಯಾನು ಕಂಡಿತು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಓಡುತ್ತಿದ್ದ ಕಾಲು ನಿಂತೇ ಹೋಯಿತು. ಅವಳಿಗೆ ಎಲ್ಲವೂ ಅರ್ಥವಾಯಿತು. ವಾಸನೆ ಹತ್ತಿದ ಕೂಡಲೇ ವ್ಯಾನು ನಿಲ್ಲಿಸಿದ್ದಾನೆ. ಆಚೆ ಅಪ್ಪ ಇದ್ದಾರೆ, ಹೆಂಡತಿ ಇದ್ದಾಳೆ, ಭಟ್ಟಿ ಉರಿಯುತ್ತಿದೆ. ತನ್ನವರನ್ನು ಕರೆತರಲು ನಡೆದೇ ಒಳಗೆ ನುಗ್ಗಿದ್ದಾನೆ. ತಾನು ಅವನನ್ನು ತಡೆಯಲೆಂದು ಮೇಲಿನಿಂದ ಬಂದಳು, ಅವನು ತನ್ನನ್ನು ಹುಡುಕಿಕೊಂಡು ಕೆಳಗಿನಿಂದ ಹೋದ.

ಅವಳು ಅವನ ಹೆಸರು ಹಿಡಿದು ಕೂಗಿದಳು. ಮದುವೆಯಾದಂದಿನಿಂದ ಹಾಗೆ ಕೂಗಿದವಳಲ್ಲ. ಉತ್ತರವಿಲ್ಲ. ಇನ್ನೆರಡು ಹೆಜ್ಜೆ ಇಟ್ಟಳೋ ಇಲ್ಲವೋ, ಯಾರೋ ಹಿಂದಿನಿಂದ ಅವಳ ರಟ್ಟೆ ಹಿಡಿದು ಎಳೆದರು. ಕೊನೆಗೂ ಬಂದಿದ್ದ ಪೊಲೀಸಿನವನು. "ಮುಂದೆ ಹೋಗಬಾರ್ದಮ್ಮ!" ಎಂದು ಅವನು ಹೇಳುತ್ತಿರುವಾಗಲೇ ಮೋರಿಯ ಬಾಯಿ ಬೆಳಗಿತು.

ಸದ್ದು ಆಮೇಲೆ ಬಂತು. ಮೊದಲು ಬಂದದ್ದು ಗಾಳಿ, ಬಿಸಿಯಾಗಿ, ಮುಖಕ್ಕೆ ರಾಚಿದ ಹಾಗೆ. ಇಬ್ಬರೂ ರಸ್ತೆಯ ಮೇಲೆ ಬಿದ್ದರು. ಮೋರಿಯಿಂದ ಬೆಂಕಿಯ ಉದ್ದ ನಾಲಗೆ ಚಾಚಿ ವ್ಯಾನನ್ನು ನೆಕ್ಕಿತು. ಏರಿಯಾಚೆ ಬೀದಿಯ ಕಡೆಯಿಂದ ಧಡ್, ಧಡ್ ಎಂದು ಒಂದಾದ ಮೇಲೊಂದು ಸದ್ದು, ಕೆಳಗಿನಿಂದ ಮೇಲಕ್ಕೆ ಹತ್ತಿಕೊಂಡು ಹೋಯಿತು. ಚರಂಡಿಯ ಮುಚ್ಚಳಗಳು ಹಾರುತ್ತಿವೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿಡಿ ಎಲ್ಲಿಂದ ಬಂತೆಂದು ಇವತ್ತಿಗೂ ಯಾರಿಗೂ ತಿಳಿಯದು.

ಪೊಲೀಸಿನವನು ಅವಳನ್ನು ಶಾಲೆಗೆ ವಾಪಸು ಕರೆತಂದ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಬಯಲಿನಲ್ಲಿ ಜನರೆಲ್ಲ ಎದ್ದು ನಿಂತು ಹೊಗೆ ನೋಡುತ್ತಿದ್ದರು. ಮಾವ ಒಂದು ಕುರ್ಚಿಯಲ್ಲಿ ಕುಳಿತಿದ್ದರು. "ಅವನೆಲ್ಲಮ್ಮ?" ಎಂದರು. ಅವಳು ಅವರ ಕಿವಿಯ ಹತ್ತಿರ ಬಾಯಿ ತಂದಳು. ಏನೆಂದು ಕೂಗಿ ಹೇಳುವುದು? ಅವರ ಪಾದದ ಬಳಿ ಕುಸಿದು ಕುಳಿತುಬಿಟ್ಟಳು.

"ಅಗೋ! ಅಗೋ ನೋಡ್ರೋ!" ಎಂದು ಮೊದಲು ಕೂಗಿದವನು ದರ್ಜಿ.

ಹೊಗೆಯೊಳಗಿಂದ ಒಬ್ಬ ಮನುಷ್ಯ ದಿಬ್ಬ ಹತ್ತಿ ಬರುತ್ತಿದ್ದ. ಬೆನ್ನ ಮೇಲೆ ಇನ್ನೊಬ್ಬರನ್ನು ಹೊತ್ತಿದ್ದ. ಮುಖವೆಲ್ಲ ಮಸಿ. ನಡಿಗೆ ನೋಡಿಯೇ ಬೇಕರಿಯಕ್ಕ ಎದ್ದಳು. ದರ್ಜಿ ಮತ್ತು ಇನ್ನಿಬ್ಬರು ಓಡಿಹೋಗಿ ಅವನ ಬೆನ್ನಿನಿಂದ ಆಫೀಸರನ್ನು ಇಳಿಸಿಕೊಂಡರು. ಅವರ ಒಂದು ಕಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಪ್ರಜ್ಞೆ ಇತ್ತು. "ಎಲ್ಲಾ ಮನೆಯವರೂ ಬಂದ್ರಾ? ಲೆಕ್ಕ ಹಾಕಿ," ಎನ್ನುತ್ತಿದ್ದರು.

ಆದದ್ದಿಷ್ಟು. ಗಂಡ ಬೇಕರಿಯ ಬಾಗಿಲಿಗೆ ಬಂದು ಅಪ್ಪನನ್ನೂ ಹೆಂಡತಿಯನ್ನೂ ಕೂಗುತ್ತಿದ್ದಾಗ, ಕೊನೆಯ ಮನೆಯಿಂದ ಮರಳುತ್ತಿದ್ದ ಆಫೀಸರು ಅವನನ್ನು ಕಂಡರು. ನಿಮ್ಮವರು ಮೇಲಿದ್ದಾರೆ ಎಂದು ಹೇಳಿದರೂ ಅವನು ನಂಬಲಿಲ್ಲ. ಒಳಗೆ ಹೋಗಿ ನೋಡುತ್ತೇನೆಂದು ಹಟ ಹಿಡಿದ. ಅವರು ಅಂಗಿ ಹರಿಯುವ ಹಾಗೆ ಕಾಲರು ಹಿಡಿದು ಎಳೆದುಕೊಂಡೇ ದಿಬ್ಬ ಹತ್ತಿಸಿದರು. ಅರ್ಧ ದಾರಿಯಲ್ಲಿದ್ದಾಗ ಮುಚ್ಚಳಗಳು ಹಾರಿದವು. ಒಂದು ಬಂದು ಅವರ ಕಾಲಿಗೆ ಬಡಿಯಿತು. ಹಿಡಿದೆಳೆಯುತ್ತಿದ್ದವರನ್ನು ಆಮೇಲೆ ಇವನೇ ಹೊರಬೇಕಾಯಿತು.

ಹೆಂಡತಿಯ ಮುಂದೆ ನಿಂತು ಗಂಡ ಏನೋ ಹೇಳಲು ಹೋದ, ಕೆಮ್ಮು ಬಂತು. ಅವಳು ಅವನ ಎದೆಗೆ ಒಂದು ಗುದ್ದು ಗುದ್ದಿದಳು, ಇನ್ನೊಂದು ಗುದ್ದಿದಳು. ಆಮೇಲೆ ಆ ಹರಿದ ಅಂಗಿಯನ್ನೇ ಹಿಡಿದುಕೊಂಡು ಊರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

ಬೀದಿಯ ಕೆಳಗಿನ ಸಾಲು ಮನೆಗಳು ಸುಟ್ಟುಹೋದವು. ಮೇಲಿನವು ಉಳಿದವು, ಬೇಕರಿಯೂ ಉಳಿಯಿತು. ಒಳಗೆ ಯಾರೂ ಸಿಕ್ಕಿಕೊಂಡಿರಲಿಲ್ಲ. ಬೆಂಕಿ ಪೂರ್ತಿ ಆರಿ, ಚರಂಡಿ ತೊಳೆದು, ಹೋಗಬಹುದು ಎಂದು ಹೇಳುವ ಹೊತ್ತಿಗೆ ಜನ ಶಾಲೆಯ ಕೋಣೆಗಳಲ್ಲೇ ಸಂಸಾರ ಹೂಡಿದ್ದರು. ಮನೆಗೆ ಹೋದ ಮೇಲೂ ತುಂಬ ದಿನ ಯಾರೂ ಬೆಂಕಿಕಡ್ಡಿ ಗೀರುವ ಮುಂಚೆ ಮೂಸಿ ನೋಡದೆ ಗೀರುತ್ತಿರಲಿಲ್ಲ.

ಆಸ್ಪತ್ರೆಗೆ ಬೇಕರಿಯಕ್ಕ ಗಂಡನ ಜೊತೆ ಹೋದಳು. ಆಫೀಸರ ಕಾಲಿಗೆ ಸೊಂಟದವರೆಗೂ ಪಟ್ಟಿ.

"ಮೇಡಂ, ನಿಮ್ಮ ಉಪಕಾರ..." ಎಂದು ಗಂಡ ಶುರುಮಾಡಿದ.

"ಅದೆಲ್ಲ ಬಿಡಿ," ಎಂದರು ಅವರು. ಮುಖ ಸಣ್ಣಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. "ಮೋರಿ ಥರದ ಇನ್ನೂ ಎಷ್ಟು ದಾರಿ ಇದೆ ಈ ಊರಲ್ಲಿ? ಗಾಡಿ ನುಸುಳೋ ಜಾಗ, ಯಾರೂ ಹೇಳದೇ ಇರೋವು?"

ಗಂಡ ತಲೆ ಕೆರೆದುಕೊಂಡ. "ಬೇಕಾದಷ್ಟಿವೆ ಮೇಡಂ. ಬ್ರೆಡ್ಡು ಹಾಕೋಕೆ ನಾನು ನುಗ್ಗದೇ ಇರೋ ಸಂದಿ ಇಲ್ಲ."

"ಅದೇ ನಂಗೆ ಭಯ," ಎಂದರು ಆಫೀಸರು. ಅವರ ಬಾಯಲ್ಲಿ ಆ ಮಾತು ಬೇಕರಿಯಕ್ಕ ಕೇಳಿದ್ದು ಅದೇ ಮೊದಲು. "ನಾನು ಏಳೋದಕ್ಕೆ ಇನ್ನೂ ತಿಂಗಳುಗಟ್ಟಲೆ ಬೇಕಂತೆ. ಹಳಿ ಆಗಲೇ ರಿಪೇರಿ ಆಗಿದೆ. ನಾಳೆಯಿಂದ ಡಬ್ಬಿಗಳು ಹೊರಡ್ತಾವೆ. ನನ್ನ ಹುಡುಗರನ್ನ ಕಳಿಸ್ತೀನಿ, ಒಂದೊಂದು ಸಂದೀನೂ ತೋರಿಸ್ತೀರಾ?"

ಗಂಡ ಹೂಂ ಎನ್ನುವಷ್ಟರಲ್ಲಿ ಬೇಕರಿಯಕ್ಕ ಹೇಳಿದಳು: "ನಾಳೆ ಯಾಕೆ ಮೇಡಂ? ಈಗ್ಲೇ ಕಳ್ಸಿ. ಇವರ ಜೊತೆ ನಾನೂ ಬರ್ತೀನಿ."